ಮರಕ್ಕೆ ಹೊಡೆದ ತಗಡು

ನಾನು ಮದುವೆಯಾಗಿ ಬಂದ ಮನೆ ಶೆಟ್ಟಿಕೆರೆಗೆ ಕೂಗಳತೆ ದೂರದಲ್ಲಿ, ಚಿಕ್ಕನಾಯಕನಹಳ್ಳಿಗೆ ಹೋಗುವ ಬಸ್ಸಿನ ರಸ್ತೆಗೆ ಮುಖ ಮಾಡಿಕೊಂಡಿತ್ತು. ಮನೆಗೂ ರಸ್ತೆಗೂ ನಡುವೆ ಒಂದು ಸಾಲು ತೆಂಗಿನ ಮರ. ಆ ಸಾಲನ್ನು ನಮ್ಮ ಮಾವ ತಮ್ಮ ಮದುವೆಯ ವರ್ಷ ನೆಟ್ಟದ್ದಂತೆ, ಬೇಸಿಗೆಯಲ್ಲಿ ಬಾವಿಯಿಂದ ಹೆಗಲ ಮೇಲೆ ನೀರು ಹೊತ್ತು ಉಳಿಸಿಕೊಂಡದ್ದಂತೆ. ಅತ್ತೆ ಇದನ್ನು ಹೇಳುವಾಗ ದನಿಯಲ್ಲಿ ಹೆಮ್ಮೆ ಇರುತ್ತಿರಲಿಲ್ಲ. "ಮಕ್ಕಳಿಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ದೋರಲ್ಲ ಕಣವ್ವ, ಮರದ ಗರಿ ಜೋತುಬಿದ್ರೆ ಊಟ ಬುಡೋರು" ಎನ್ನುತ್ತಿದ್ದರು.

ಮಾವ ಹೊಡೆಯುವ ಮನುಷ್ಯ. ಇದನ್ನು ಯಾರೂ ನನಗೆ ಮದುವೆಗೆ ಮುಂಚೆ ಹೇಳಿರಲಿಲ್ಲ. ಬಂದ ವಾರದಲ್ಲೇ ತಿಳಿಯಿತು. ಎತ್ತು ನೊಗಕ್ಕೆ ಕತ್ತು ಕೊಡದಿದ್ದರೆ ಅದರ ಮೂತಿಗೆ ಗುದ್ದುತ್ತಿದ್ದರು. ಕಾಯಿ ಸುಲಿಯಲು ಬಂದ ಆಳು ಎದುರು ಮಾತಾಡಿದರೆ ಕೆನ್ನೆಗೆ ಬೀಳುತ್ತಿತ್ತು. ನನ್ನ ಗಂಡ ಅಷ್ಟು ಹೊತ್ತಿಗೆ ಮದುವೆಯಾದ ಗಂಡಸು, ಆದರೂ ಅಪ್ಪನ ಎದುರಿಗೆ ನಿಂತು ಮಾತಾಡುವಾಗ ಒಂದು ಕೈ ತಾನಾಗಿಯೇ ಕಿವಿಯ ಹತ್ತಿರ ಹೋಗುತ್ತಿತ್ತು. ಅತ್ತೆಯ ಎಡಗೈಯ ಕಿರುಬೆರಳು ಡೊಂಕಾಗಿತ್ತು. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗ ಮಾತ್ರ ಆ ಮುಖ ಇನ್ಯಾರದ್ದೋ ಮುಖದ ಹಾಗೆ ಕಾಣುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಆಗ ನಮ್ಮ ಕಡೆ ಕಂಪನಿಗಳವರು ತಮ್ಮ ಮಾಲಿನ ಹೆಸರನ್ನು ಜನರ ಕಣ್ಣಿಗೆ ಬೀಳಿಸುತ್ತಿದ್ದದ್ದು ಹೀಗೆ: ಅಂಗೈ ಎರಡು ಸೇರಿಸಿದಷ್ಟು ಅಗಲದ ತಗಡಿನ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕಿಸಿ, ಬಸ್ಸು ಓಡಾಡುವ ರಸ್ತೆಯ ಪಕ್ಕದ ಮರಗಳಿಗೆ ಮೊಳೆ ಹೊಡೆಸಿಬಿಡುವುದು. ಟೀ ಪುಡಿ, ಬೀಡಿ, ನಶ್ಯ, ಸೋಪು, ಎಲ್ಲವೂ ಮರದ ಮೇಲೇ. ನಮ್ಮ ಸೀಮೆಯಲ್ಲಿ ರಸ್ತೆಯ ಪಕ್ಕ ನೆಟ್ಟಗೆ ನಿಂತಿರುವುದು ಅಂದರೆ ತೆಂಗು.

ಬೇರೆ ಮರಕ್ಕೆ ಗಾಯವಾದರೆ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ತೆಂಗಿಗೆ ಹಾಗಿಲ್ಲ. ಒಮ್ಮೆ ತೂತಾದರೆ ಅದು ಇರುವಷ್ಟು ದಿನವೂ ತೂತೇ. ನಾನು ಬರುವ ಹಿಂದಿನ ವರ್ಷ ಯಾರೋ ಸೋಪಿನ ತಗಡು ಹೊಡೆದು ಹೋಗಿದ್ದರಂತೆ. ಮೊಳೆಯ ತೂತಿನಿಂದ ಕಂದು ಬಣ್ಣದ ರಸ ಸೋರಲು ಶುರುವಾಗಿ, ಕೆಂಪು ಮೂತಿ ಹುಳು ಒಳಗೆ ಸೇರಿ, ಸಾಲಿನ ಎರಡು ಮರ ಸುಳಿ ಕಳಚಿಕೊಂಡು ಸತ್ತವು. ಕಡಿದಾಗ ಬೊಡ್ಡೆಯೊಳಗೆ ನಾರಿನ ಬದಲು ಕೊಳೆತ ಮುದ್ದೆ, ಅದರ ತುಂಬಾ ಹೆಬ್ಬೆರಳು ಗಾತ್ರದ ಬಿಳಿ ಹುಳು. ಮಾವ ಆ ಹುಳುಗಳನ್ನು ಬರಿಗೈಯಲ್ಲಿ ಬಾಚಿ ತೆಗೆದು, ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಜಜ್ಜಿದರಂತೆ. ಜಜ್ಜಿ ಜಜ್ಜಿ ಕೈಯಲ್ಲಿ ಅವರದೇ ರಕ್ತ ಬಂದರೂ ಬಿಡಲಿಲ್ಲವಂತೆ.

ಆವತ್ತು ಬೆಳಿಗ್ಗೆ ನಾನು ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದೆ. ರಸ್ತೆಯ ಕಡೆಯಿಂದ ಟಕ್ ಟಕ್ ಅಂತ ಸದ್ದು ಕೇಳಿತು. ತಲೆ ಎತ್ತಿ ನೋಡಿದರೆ ಸಾಲಿನ ಮರಕ್ಕೆ ಬಿದಿರೇಣಿ ಒರಗಿಸಿಕೊಂಡು ಒಬ್ಬ ಮನುಷ್ಯ ನಿಂತಿದ್ದಾನೆ. ಸಣಕಲು ಮೈ, ಖಾಕಿ ಚಡ್ಡಿ, ತಲೆಗೆ ಟವೆಲ್ಲು. ಕೆಳಗೆ ಸೈಕಲ್ಲು, ಅದರ ಕ್ಯಾರಿಯರಿನ ಮೇಲೆ ತಗಡು ತುಂಬಿದ ಗೋಣಿಚೀಲ. ಎರಡು ಮರಕ್ಕೆ ಹೊಡೆದು ಮುಗಿಸಿ ಮೂರನೆಯದಕ್ಕೆ ಬಂದಿದ್ದ. ಹಳದಿ ತಗಡಿನ ಮೇಲೆ ಹಲ್ಲುಪುಡಿಯ ಡಬ್ಬಿ, ಪಕ್ಕದಲ್ಲಿ ನಗುತ್ತಿರುವ ಮಗು. ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿದ್ದ.

ನನಗೆ ಕೂಗಬೇಕು ಅನ್ನಿಸುವಷ್ಟರಲ್ಲಿ ಮಾವ ನನ್ನ ಪಕ್ಕದಿಂದಲೇ ಓಡಿಹೋದರು. ಸ್ನಾನದ ನೀರು ಇನ್ನೂ ಮೈಯಿಂದ ಇಳಿಯುತ್ತಿತ್ತು. "ಯಾವನ್ಲಾ ಅವ್ನು!" ಅಂದದ್ದು ಕೇಳಿತು. ಆ ಮನುಷ್ಯ ತಿರುಗಿ ನೋಡುವುದರೊಳಗೆ ಏಣಿಯನ್ನು ಎರಡೂ ಕೈಯಿಂದ ಹಿಡಿದು ಕಿತ್ತೆಸೆದರು. ಅವನು ಮುಖ ಅಡಿಯಾಗಿ ಬಿದ್ದ. ಏಳಲು ಹೋದಾಗ ನೋಡಿದೆ, ಬಾಯಲ್ಲಿದ್ದ ಮೊಳೆಯೊಂದು ಕೆನ್ನೆಯಿಂದ ಹೊರಗೆ ಬಂದಿತ್ತು. ಅದನ್ನು ಬೆರಳಲ್ಲಿ ಮುಟ್ಟಿಕೊಂಡು, ಏನು ಅಂತ ಗೊತ್ತಾಗದವನ ಹಾಗೆ ಮಾವನ ಕಡೆ ನೋಡಿದ.

ಮಾವ ಕೆಳಗೆ ಬಿದ್ದಿದ್ದ ಒಣಗಿದ ತೆಂಗಿನ ಗರಿಯ ಮಟ್ಟೆಯನ್ನು ಎತ್ತಿಕೊಂಡರು. ಅದರ ಬುಡ ಒಳ್ಳೆ ಸೌದೆ ತುಂಡಿನಷ್ಟು ಗಟ್ಟಿ. ಮೊದಲ ಏಟಿಗೆ ಅವನು ತಲೆಗೆ ಅಡ್ಡ ಹಿಡಿದ ಬಲಗೈ ಮುರಿಯಿತು. ಆ ಸದ್ದು ನನಗೆ ಅಂಗಳಕ್ಕೆ ಕೇಳಿತು. ಎರಡನೇ ಏಟು ಕಿವಿಯ ಮೇಲೆ. "ಯಜಮಾನ್ರೇ, ಹೊಟ್ಟೆಪಾಡು, ಹೊಟ್ಟೆಪಾಡು ಯಜಮಾನ್ರೇ" ಅಂತ ಬಾಯಲ್ಲಿ ರಕ್ತ ತುಂಬಿಕೊಂಡೇ ಹೇಳುತ್ತಿದ್ದ. ನಾನು ಓಡಿಹೋಗಿ ಮಾವನ ತೋಳು ಹಿಡಿದೆ. ಅವರು ತಿರುಗಿ ಕೂಡ ನೋಡಲಿಲ್ಲ, ಮೊಣಕೈಯಿಂದ ಒಮ್ಮೆ ಕೊಡವಿದರು. ಎದೆಗೆ ಬಿದ್ದ ಪೆಟ್ಟಿಗೆ ಉಸಿರು ಕಟ್ಟಿ ಮರದ ಪಾತಿಯೊಳಗೆ ಕುಕ್ಕರಿಸಿದೆ. ಅವನು ಸುಮ್ಮನಾದ ಮೇಲೂ ಏಟು ಬೀಳುತ್ತಲೇ ಇತ್ತು.

ನಿಲ್ಲಿಸಿದ್ದು ಅತ್ತೆ. ಮುಟ್ಟಲು ಹೋಗಲಿಲ್ಲ. ದೂರದಲ್ಲೇ ನಿಂತು, "ಸತ್ತೋದ! ಸತ್ತೋದ ಕಣ್ರೀ! ಇನ್ಯಾರಿಗೆ ಹೊಡೀತೀರಿ?" ಎಂದು ಕಿರುಚಿದರು. ಮಾವನ ಕೈ ಮೇಲೆಯೇ ನಿಂತಿತು. ಮಟ್ಟೆ ಬಿತ್ತು.

ಸತ್ತಿರಲಿಲ್ಲ. ನನ್ನ ಗಂಡ ಕೊಟ್ಟಿಗೆಯಿಂದ ಓಡಿಬಂದು ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, "ಉಸಿರೈತೆ" ಅಂದರು. ನಾವು ಮೂವರು ಹೊತ್ತುಕೊಂಡು ಹೋಗಿ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿದೆವು. ಕೆನ್ನೆಯ ಮೊಳೆಯನ್ನು ಎಳೆದದ್ದು ಅತ್ತೆ. ಎಳೆಯುವಾಗ ನಾನು ಅವನ ತಲೆ ಹಿಡಿದುಕೊಂಡಿದ್ದೆ. ಕಿವಿಯಿಂದ ಸೋರಿದ ರಕ್ತ ನನ್ನ ಮಡಿಲಿಗೆ ಇಳಿದು ಬಿಸಿಯಾಗಿ ಹರಡಿತು. ಆ ಸೀರೆಯನ್ನು ನಾನು ಮತ್ತೆ ಉಡಲಿಲ್ಲ.

ಊರಿನ ಹಿರಿಯರೊಬ್ಬರು ಬಂದು ನೋಡಿ, ದೊಡ್ಡಾಸ್ಪತ್ರೆಗೆ ಹೋದರೆ ಪೊಲೀಸು ಬರುತ್ತದೆ, ಇಲ್ಲೇ ನೋಡಿಕೊಳ್ಳಿ ಅಂದರು. ಮೂಳೆ ಕಟ್ಟುವವರನ್ನು ಕರೆಸಿದೆವು. ಅವರು ಬಿದಿರಿನ ದಬ್ಬೆ ಇಟ್ಟು, ಮೊಟ್ಟೆ ಲೋಳೆ ಸವರಿದ ಬಟ್ಟೆ ಸುತ್ತಿ ಕೈ ಕಟ್ಟಿದರು. ಕಟ್ಟುವಾಗ ಅವನು ಕೂಗಿದ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಗಳು ನಿಂತವು. ಮಾವ ಅಷ್ಟು ಹೊತ್ತೂ ಆ ಸಾಲಿನಲ್ಲೇ ಇದ್ದರು. ಇಕ್ಕಳ ತೆಗೆದುಕೊಂಡು ಒಂದೊಂದೇ ಮೊಳೆ ಕಿತ್ತು, ತೂತುಗಳಿಗೆ ಡಾಂಬರು ತುಂಬುತ್ತಿದ್ದರು. ಕೂಗು ಕೇಳಿದರೂ ಈ ಕಡೆ ತಿರುಗಲಿಲ್ಲ. ಈ ಮನೆಯಲ್ಲಿ ನಾನು ಮಕ್ಕಳನ್ನು ಹೆರಬೇಕು ಅನ್ನುವುದು ಆಗ ನೆನಪಾಯಿತು.

ಮಾರನೆಯ ದಿನ ಅವನಿಗೆ ಮಾತು ಬಂತು. ಊರು ಅರಸೀಕೆರೆ, ಹೆಂಡತಿ ರೈಲು ಸ್ಟೇಶನ್ನಿನಲ್ಲಿ ಹುರಿದ ಕಡ್ಲೆಕಾಯಿ ಮಾರುತ್ತಾಳೆ ಅಂದ. ನಮ್ಮವರಿಗೆ ಸುದ್ದಿ ಮುಚ್ಚಿಡುವ ಮನಸ್ಸಿತ್ತು. ಅತ್ತೆ ಒಪ್ಪಲಿಲ್ಲ. "ತಾಳಿ ಕಟ್ಟಿಸ್ಕಂಡೋಳು ಅಲ್ಲಿ ದಾರಿ ಕಾಯ್ತಿರ್ತಾಳೆ. ಹೋಗಿ ಕರ್ಕಂಡು ಬಾ. ಬಂದು ಬೈದ್ರೆ ಬೈಸ್ಕಳಣ" ಅಂದರು. ನನ್ನ ಗಂಡ ತಿಪಟೂರಿನ ಬಸ್ಸು ಹಿಡಿದು ಹೊರಟರು.

ಅವಳು ಬಂದಾಗ ಅಂಗಳದಲ್ಲಿ ಕಾಯಿ ಸುಲಿಯುವ ಆಳುಗಳಿದ್ದರು, ಊರಿನ ನಾಲ್ಕು ಜನ ಜಗುಲಿಯ ಮೇಲೆ ಕೂತಿದ್ದರು. ಕಪ್ಪಗೆ, ಎತ್ತರಕ್ಕೆ, ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿದ ಹೆಂಗಸು. ಯಾರನ್ನೂ ಮಾತಾಡಿಸದೆ ನೇರ ಕೋಣೆಗೆ ಹೋಗಿ ಗಂಡನನ್ನು ನೋಡಿದಳು. ಒಳಗಿನಿಂದ ಅಳು ಕೇಳಲಿಲ್ಲ. ಹೊರಗೆ ಬಂದು, "ಯಾವನು ಹೊಡೆದೋನು?" ಅಂದಳು.

ಮಾವ ಜಗುಲಿಯಿಂದ ಎದ್ದು ನಿಂತರು. "ನಾನು" ಅಂದರು.

ಅವಳು ಕಾಲಿನ ಎಕ್ಕಡ ತೆಗೆದು ಮಾವನ ಮುಖಕ್ಕೆ ಹೊಡೆದಳು. ವಿಭೂತಿಯ ಮೇಲೆ ಮಣ್ಣು ಮೆತ್ತಿಕೊಂಡಿತು. ಮತ್ತೆ ಹೊಡೆದಳು. ಆಳುಗಳಲ್ಲೊಬ್ಬ ಕಾಯಿ ಸುಲಿಯುವ ಹಾರೆಯನ್ನೇ ಹಿಡಿದು ಅವಳ ಮೇಲೆ ನುಗ್ಗಿದ. ಜಗುಲಿಯ ಮೇಲಿದ್ದವರು "ಏಯ್, ಹಿಡ್ಕಳ್ರಲಾ ಅವ್ಳನ್ನ" ಎಂದು ಎದ್ದರು. ಮಾವ ಕೈ ಅಡ್ಡ ಚಾಚಿ ಅವರನ್ನು ತಡೆದರು. "ಬುಡ್ರಲಾ, ಹೊಡೀಲಿ" ಅಂದರು. ಅವಳು ತೋಳು ಸೋಲುವವರೆಗೆ ಹೊಡೆದಳು. ಕೊನೆಗೆ ಎಕ್ಕಡ ಬಿಸಾಡಿ, ಅಲ್ಲೇ ಕೂತು, ಏದುಸಿರು ಬಿಡುತ್ತಾ ನನ್ನ ಕಡೆ ನೋಡಿ "ನೀರು ಕೊಡು ತಾಯಿ" ಅಂದಳು. ನೀರು ಕೊಟ್ಟೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ ಆಗಲಿಲ್ಲ. ಆ ಮನೆಗೆ ಬಂದ ಮೇಲೆ ಮೊದಲ ಸಲ ನನಗೆ ಎದೆ ತುಂಬಾ ಉಸಿರು ಸಿಕ್ಕಿತ್ತು.

ಹಿರಿಯರು ಪರಿಹಾರದ ಮಾತು ತೆಗೆದರು. ಅವಳು ಕೇಳಿಸಿಕೊಳ್ಳಲಿಲ್ಲ.

"ನಿಮ್ಮ ದುಡ್ಡು ಎಷ್ಟು ದಿನ ಬತ್ತದೆ? ತಗಡು ಹೊಡೀನಿಲ್ಲ ಅಂದ್ರೆ ಏಜೆಂಟ್ರು ಬ್ಯಾರೆಯೋರ್ನ ಇಟ್ಕತಾರೆ. ಜೀಪಲ್ಲಿ ಬಂದು ರಸ್ತೆ ಉದ್ದಕ್ಕೂ ನೋಡ್ಕಂಡು ಹೋಗ್ತಾರೆ. ಇಲ್ಲಿಂದ ಹುಳಿಯಾರು ದಾಟಿ ಕೆಂಕೆರೆ ತನಕ ಇನ್ನೂ ಹೊಡೀಬೇಕು. ಈ ವಾರದಲ್ಲಿ ಆಗ್ಬೇಕು." ಮಾವನ ಕಡೆ ಬೆರಳು ತೋರಿಸಿದಳು. "ಕೈ ಮುರಿದೋರು ನೀವು. ನೀವೇ ಬಂದು ಹೊಡೀರಿ."

ಜಗುಲಿಯಲ್ಲಿ ಯಾರೋ ನಕ್ಕರು. ಮಾವ ನಗಲಿಲ್ಲ. "ತೆಂಗಿಗೆ ಹೊಡ್ಯಾಕಿಲ್ಲ" ಅಂದರು.

"ಯಾವುದಕ್ಕಾದ್ರೂ ಹೊಡೀರಿ. ರಸ್ತೆಗೆ ಕಂಡ್ರೆ ಸಾಕು."

"ಗಾಡಿ ಕಟ್ತೀನಿ."

"ಒಬ್ಳೇ ನಿಮ್ಮ ಜೊತೆ ಬರಾಕಿಲ್ಲ. ಈ ಹುಡುಗೀನೂ ಬರ್ಲಿ" ಎಂದು ನನ್ನ ಕೈ ಹಿಡಿದಳು. ಅತ್ತೆ ನನಗೊಂದು ಬುತ್ತಿ ಕಟ್ಟಿದರು.

ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಹೊರಟೆವು. ಮುಂದೆ ಮಾವ, ಹಿಂದೆ ತಗಡಿನ ಗೋಣಿಚೀಲದ ಆಚೆ ಈಚೆ ನಾವಿಬ್ಬರು. ಅವಳು ಕೈ ತೋರಿಸಿದ ಕಡೆ ಮಾವ ಗಾಡಿ ನಿಲ್ಲಿಸಿ, ಏಣಿ ಇಳಿಸಿ, ಹೊಂಗೆ, ಬೇವು, ಆಲ, ಹುಣಸೆ, ಸಿಕ್ಕ ಮರಕ್ಕೆ ತಗಡು ಹೊಡೆದರು. ಮೊದಮೊದಲು ಸುತ್ತಿಗೆ ಬೆರಳಿನ ಮೇಲೇ ಬೀಳುತ್ತಿತ್ತು. ಉಗುರು ಕಪ್ಪಾಗಿ ಊದಿಕೊಂಡಿತು. "ಮೊಳೆ ಬಾಯಲ್ಲಿಟ್ಕಳಿ, ಎರಡೂ ಕೈ ಖಾಲಿ ಆಗ್ತವೆ" ಅಂದಳು ಅವಳು. ಮಾವ ಇಟ್ಟುಕೊಳ್ಳಲಿಲ್ಲ. ಒಂದೊಂದೇ ಮೊಳೆಗೆ ಏಣಿ ಇಳಿದು ಹತ್ತಿದರು. ಚಿಕ್ಕನಾಯಕನಹಳ್ಳಿಯಲ್ಲಿ ಮಾವನಿಗೆ ಕೊಬ್ಬರಿ ವ್ಯಾಪಾರದ ಪರಿಚಯದವರು ಬಹಳ. "ಏನ್ ಯಜಮಾನ್ರೇ, ಹಲ್ಲುಪುಡಿ ವ್ಯಾಪಾರಕ್ಕೆ ಇಳಿದ್ರಾ?" ಎಂದು ಅಂಗಡಿಯಿಂದ ಕೂಗಿದರು. ಮಾವನ ಕತ್ತಿನ ನರ ಉಬ್ಬಿದ್ದು ಹಿಂದಿನಿಂದ ನನಗೆ ಕಾಣುತ್ತಿತ್ತು. ಈಗ ಇಳಿದು ಹೊಡೆಯುತ್ತಾರೆ ಅಂದುಕೊಂಡೆ. ಎತ್ತಿನ ಬಾಲ ತಿರುವಿ ಗಾಡಿ ಮುಂದೆ ಹೊಡೆದರು.

ಹುಳಿಯಾರಿನಲ್ಲಿ ಅತ್ತೆಯ ನೆಂಟರ ಮನೆಯಲ್ಲಿ ಉಳಿದು, ಮರುದಿನ ಕೆಂಕೆರೆ ದಾರಿ ಹಿಡಿದೆವು. ದಾರಿಯಲ್ಲಿ ಒಂದು ಕಣದ ಪಕ್ಕ ದೊಡ್ಡ ಹುಣಸೆ ಮರ. ಮಾವ ಏಣಿ ಒರಗಿಸಿ ಎರಡು ಮೊಳೆ ಹೊಡೆದಿದ್ದರು. ಕಣದಿಂದ ಅಣ್ಣತಮ್ಮಂದಿರಿಬ್ಬರು ಓಡಿಬಂದರು. ದೊಡ್ಡವನ ಕೈಯಲ್ಲಿ ಎತ್ತು ಹೊಡೆಯುವ ಬಾರುಕೋಲು.

"ಯಾರನ್ನ ಕೇಳಿ ಮರಕ್ಕೆ ಮೊಳೆ ಹೊಡೀತಿದ್ದೀಯ ಮುದುಕ? ನಮ್ಮ ತಾತ ನೆಟ್ಟ ಮರ ಕಣ್ಲಾ ಅದು!"

ಮಾವ ಏಣಿಯ ಮೇಲಿನಿಂದ ತಿರುಗಿದರು. ಬಾರು ಬೀಸಿ ಬಂದು ಅವರ ಕೆನ್ನೆಯಿಂದ ಕತ್ತಿನವರೆಗೆ ಬರೆ ಎಳೆಯಿತು. ಚರ್ಮ ಒಡೆದು ರಕ್ತ ಜಿನುಗಿತು. ತಮ್ಮ ಏಣಿಗೆ ಒದ್ದ. ಮಾವ ಹೇಗೋ ಕಾಲ ಮೇಲೆಯೇ ಇಳಿದರು. ಅವರ ಕೈಯಲ್ಲಿ ಸುತ್ತಿಗೆ ಇತ್ತು. ಆ ಇಬ್ಬರನ್ನೂ ನೆಲಕ್ಕೆ ಹಾಕುವ ಬಲ ಅವರಲ್ಲಿತ್ತು. ಸುತ್ತಿಗೆ ಎತ್ತಿದರೆ ಹೆಣ ಬೀಳುವುದು ಖಂಡಿತ ಅಂತ ನಾನು ಗಾಡಿಯ ಗೂಟ ಹಿಡಿದು ಕಣ್ಣು ಮುಚ್ಚಿದೆ. ಸಟ್ ಅಂತ ಬಾರಿನ ಸದ್ದು ಮತ್ತೆ ಕೇಳಿತು. ಕಣ್ಣು ತೆರೆದರೆ ಸುತ್ತಿಗೆ ಕೆಳಗೆ ಬಿದ್ದಿದೆ, ಮಾವ ಎರಡೂ ಕೈ ಇಳಿಬಿಟ್ಟು ನಿಂತಿದ್ದಾರೆ. ಮೂರನೇ ಏಟು ಬೆನ್ನಿಗೆ ಬಿತ್ತು.

ಆಗ ಗಾಡಿಯಿಂದ ಹಾರಿದವಳು ಅವಳು. ಚೀಲದಿಂದ ಒಂದು ತಗಡು ಎಳೆದುಕೊಂಡು, ಮಚ್ಚು ಬೀಸಿದ ಹಾಗೆ ಬೀಸಿದಳು. ತಗಡಿನ ಅಂಚು ದೊಡ್ಡವನ ಮುಂಗೈಯನ್ನು ಸೀಳಿತು. ಬಾರುಕೋಲು ಕೈಜಾರಿತು. ಅವನು ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಒತ್ತಿಹಿಡಿದು ಹಿಂದಕ್ಕೆ ಸರಿದ. ಬೆರಳ ಸಂದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ತಮ್ಮ ಮುಂದೆ ಬಂದ. "ಬಾ, ನೀನೂ ಬಾ! ಕತ್ತು ಕೊಡು ಬಾ!" ಎಂದು ಅವಳು ತಗಡನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಳು. ಅವಳ ಅಂಗೈಯೂ ಕುಯ್ದು ರಕ್ತ ತೋಳಿನುದ್ದಕ್ಕೆ ಇಳಿಯುತ್ತಿತ್ತು. ತಮ್ಮ ಅಣ್ಣನನ್ನು ಎಳೆದುಕೊಂಡು ಕಣದ ಕಡೆ ಓಡಿದ. ಜನ ಕರೆಯಲು ಹೋದರು ಅಂತ ನನಗೆ ಗೊತ್ತಾಯಿತು. "ಮಾವ, ಗಾಡಿ ಹತ್ತಿ!" ಎಂದು ಕೂಗಿದೆ. ಮಾವನನ್ನು ನಾನು ಹಾಗೆ ಕೂಗಿದ್ದು ಅದೇ ಮೊದಲು. ಏಣಿ ಅಲ್ಲೇ ಬಿಟ್ಟು ಗಾಡಿ ಓಡಿಸಿಕೊಂಡು ಬಂದೆವು.

ಆ ಕಣ ಕಣ್ಮರೆಯಾದ ಮೇಲೆ ಎತ್ತುಗಳನ್ನು ನಿಧಾನಕ್ಕೆ ಬಿಟ್ಟರು. ನಾನು ಸೆರಗು ಹರಿದು ಅವಳ ಕೈಗೆ ಕಟ್ಟಿದೆ. ಮಾವ ಮುಂದೆ ನೋಡುತ್ತಲೇ ಕೇಳಿದರು. "ನಿನ್ನ ಗಂಡಂಗೆ ಯಾವಾಗ್ಲೂ ಹಿಂಗೇ ಆಯ್ತದೇನವ್ವ?"

"ಆಗಾಗ ಯಾರಾದ್ರೂ ಕೈ ಎತ್ತೋರೆ. ನಾಯಿ ಬುಡೋರು, ಸೈಕಲ್ ಕಿತ್ಕಳೋರು" ಅಂದಳು. "ನಿಮ್ಮಷ್ಟು ಯಾರೂ ಹೊಡೆದಿರ್ಲಿಲ್ಲ."

ಉಳಿದ ತಗಡುಗಳನ್ನು ಮಾವ ಹುಳಿಯಾರಿನ ಈಚೆಗೆ, ಕೈಗೆ ಎಟುಕುವ ಎತ್ತರದಲ್ಲೇ, ಸರ್ಕಾರಿ ಸಾಲುಮರಗಳಿಗೆ ಹೊಡೆದು ಮುಗಿಸಿದರು. ಏಜೆಂಟರು ಜೀಪಿನಲ್ಲಿ ಬಂದು ನೋಡಿ, ಕೆಂಕೆರೆ ಕಡೆ ಯಾಕಿಲ್ಲ ಎಂದು ಬೈದು ಹೋದರಂತೆ. ಕೆಲಸವನ್ನೇನೋ ಆ ವರ್ಷ ಉಳಿಸಿದರು.

ಕೈಯ ಕಟ್ಟು ಬಿಚ್ಚುವವರೆಗೆ ಆ ಮನುಷ್ಯ ನಮ್ಮ ಮನೆಯಲ್ಲೇ ಇದ್ದ. ಊಟ ಬಡಿಸಲು ಹೋದಾಗ ನನ್ನ ಬಳೆಯ ಸದ್ದಿಗೂ ಬೆಚ್ಚಿ ತಲೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಬಲಗಿವಿ ಕೇಳಿಸದೇ ಹೋಯಿತು. ಮಾವ ದಿನಾ ಒಂದು ಎಳನೀರು ಕೆತ್ತಿ ಬಾಗಿಲ ಹತ್ತಿರ ಇಟ್ಟು ಬರುತ್ತಿದ್ದರು. ಒಳಗೆ ಹೋಗುತ್ತಿರಲಿಲ್ಲ. ಅವನೂ ಅವರು ಮರೆಯಾಗುವವರೆಗೆ ಅದನ್ನು ಮುಟ್ಟುತ್ತಿರಲಿಲ್ಲ.

ಅವರಿಬ್ಬರನ್ನು ಬಸ್ಸು ಹತ್ತಿಸಲು ಮಾವನೂ ರಸ್ತೆಯವರೆಗೆ ಬಂದರು. ಕೆನ್ನೆಯ ಮೇಲಿನ ಬಾಸುಂಡೆ ಒಣಗಿ ಕಪ್ಪು ಗೆರೆಯಾಗಿತ್ತು. ಬಸ್ಸು ದೂರದಲ್ಲಿ ಕಂಡಾಗ ಅವನ ಬಲಕ್ಕೆ ನಿಂತು, "ಈ ಕಡೆ ಬಂದ್ರೆ ಮನೆಗೆ ಬಾರಪ್ಪ" ಅಂದರು. ಅವನಿಗೆ ಕೇಳಲಿಲ್ಲ. ಬಸ್ಸನ್ನೇ ನೋಡುತ್ತಿದ್ದ. ಮಾವ ಇನ್ನೊಮ್ಮೆ ಹೇಳಲಿಲ್ಲ.

ಕೇಳಿಸಿದ್ದು ಅವಳಿಗೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದಳು.

"ಬರಾಕಿಲ್ಲ ಬುಡಿ" ಅಂದಳು. ಆಮೇಲೆ ನನ್ನ ಗಲ್ಲ ಮುಟ್ಟಿ, "ನೀನು ಹುಷಾರು ತಾಯಿ" ಎಂದು ಹೇಳಿ ಒಳಗೆ ಹೋದಳು.

ಮಾವ ಬದಲಾದರು ಅಂದರೆ ಸುಳ್ಳು ಹೇಳಿದಂತಾಗುತ್ತದೆ. ಎತ್ತಿನ ಮೇಲೆ ಕೈ ಮಾಡುವುದು ನಿಲ್ಲಲಿಲ್ಲ. ನನ್ನ ಗಂಡನ ಮೇಲೆ ಒಮ್ಮೆ ಲೋಟ ಎಸೆದರು. ಆದರೆ ಅತ್ತೆಯ ಮೇಲೆ ಕೈ ಎತ್ತಿದ್ದನ್ನು ನಾನು ಆಮೇಲೆ ಒಂದೇ ಸಲ ಕಂಡೆ. ಆವತ್ತು ಅತ್ತೆ ಒಲೆಯ ಮುಂದಿನಿಂದ ಎದ್ದು, ಉರಿಯುತ್ತಿದ್ದ ಕೊಳ್ಳಿಯನ್ನು ಹಿಡಿದು ಅವರ ಎದುರಿಗೆ ನಿಂತರು. "ಹೊಡೀರಿ ನೋಡಣ" ಅಂದರು. ಅಷ್ಟು ವರ್ಷ ಆ ಮನೆಯಲ್ಲಿ ಯಾರೂ ಆಡದ ಮಾತು. ಕೊಳ್ಳಿಯ ಕಿಡಿ ಮಾವನ ಕಾಲ ಮೇಲೆ ಉದುರುತ್ತಿತ್ತು. ಅವರು ಕಾಲನ್ನೂ ತೆಗೆಯದೆ ಸ್ವಲ್ಪ ಹೊತ್ತು ನಿಂತಿದ್ದು, ಹೊರಗೆ ಹೋಗಿ ಕೂತರು. ಅತ್ತೆ ಕೊಳ್ಳಿಯನ್ನು ಒಲೆಗೆ ಹಾಕಿ ನನ್ನ ಕಡೆ ತಿರುಗಿ, ಮುದ್ದೆಗೆ ಎಸರು ಇಡು ಅಂದರು.